ತಂದೆತಾಯಿಯ ಆಸ್ಪತ್ರೆ ಖರ್ಚು: ಬಿಲ್ಲು ಕೊಡುವವರು ಯಾರು, ಕೊಡುವುದು ಹೇಗೆ?

ಅಡಿಕೆ ಕೊಯ್ಲು ಮುಗಿಯಿತೆಂದರೆ ನಮ್ಮ ಹಿರಿಯ ಸದಸ್ಯರಲ್ಲಿ ಹಲವರು ಬೆಂಗಳೂರಿಗೆ ಹೊರಡುತ್ತಾರೆ. ಮಲ್ಲೇಶ್ವರದಲ್ಲಿ ಮಗನ ಮನೆ, ಬಸವನಗುಡಿಯಲ್ಲಿ ಮಗಳ ಮನೆ. ಮೊಮ್ಮಕ್ಕಳನ್ನು ನೋಡಿದಂತಾಯಿತು, ವೈದ್ಯರಿಗೆ ಕಣ್ಣು, ಮಂಡಿ ತೋರಿಸಿದಂತೆಯೂ ಆಯಿತು. ಹಾಗೆ ಹೋದ 71 ವರ್ಷದ ಸದಸ್ಯರೊಬ್ಬರು ಚಾಮರಾಜಪೇಟೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮಗನಿಗೆ ಭಾರವಾಗಬಾರದೆಂದು 62,000 ರೂ. ನಗದಾಗಿ ಎಣಿಸಿ ಕೊಟ್ಟು ಬಂದರು. ಆಮೇಲೆ ಮಗ ಕೇಳಿದನಂತೆ: "ಅಪ್ಪಯ್ಯಾ, ಆ ಬಿಲ್ಲು ನಾನೇ ಕೊಟ್ಟಿದ್ದರೆ ಹತ್ತು ಸಾವಿರ ತೆರಿಗೆ ಉಳಿಯುತ್ತಿತ್ತಲ್ಲ?" ಸದಸ್ಯರು ಈ ಪ್ರಶ್ನೆಯನ್ನು ಸಂಘದ ಕಚೇರಿಗೆ ತಂದರು.

ಮಗನ ಮಾತು ಸರಿ. 60 ತುಂಬಿದ, ಆರೋಗ್ಯ ವಿಮೆ ಇಲ್ಲದ ತಂದೆತಾಯಿಯ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚನ್ನು ವರ್ಷಕ್ಕೆ 50,000 ರೂ. ವರೆಗೆ ತಮ್ಮ ಆದಾಯದಿಂದ ಕಳೆಯಬಹುದು. 1961ರ ಕಾಯಿದೆಯಲ್ಲಿ ಇದು 80ಡಿ ಕಲಮು. 2025ರ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬೇರೆ. ಶೇ. 20ರ ಹಂತದವರಿಗೆ ಸೆಸ್ ಸೇರಿ 10,400 ರೂ. ಉಳಿತಾಯ. ಆದರೆ ನಗದಾಗಿ ಕೊಟ್ಟ ಖರ್ಚಿಗೆ ಇದು ಸಿಗದು. ಚೆಕ್ಕು, ಕಾರ್ಡು, ಯುಪಿಐ ಯಾವುದಾದರೂ ಸರಿ, ಮಗನ ಖಾತೆಯಿಂದಲೇ ಹೋಗಬೇಕು. ಮಗಳೂ ಪಡೆಯಬಹುದು; ಅತ್ತೆಮಾವನ ಖರ್ಚಿಗೆ ಅಳಿಯನಿಗಾಗಲಿ ಸೊಸೆಗಾಗಲಿ ಇಲ್ಲ.

ಬೆಳೆಗಾರರೇ ಏಕೆ ಕಳೆಯಬಾರದು? ತೋಟದ ಅಡಿಕೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲದಿರುವಾಗ ಯಾವುದರಿಂದ ಕಳೆಯುವುದು! ಕಾಫಿಯವರ ಲೆಕ್ಕ ಬೇರೆ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ತೆರಿಗೆಗೆ ಒಳಪಡುತ್ತದೆ. ಅಂಥವರು 60 ದಾಟಿದ್ದು, ವಿಮೆ ಇಲ್ಲದಿದ್ದರೆ, ತಮ್ಮ ಖರ್ಚನ್ನು ತಾವೇ ಕಳೆಯಬಹುದು.

ಇದೆಲ್ಲ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ನಾವಾಗಿ ಬೇರೆ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಅಲ್ಲಿ ದರ ಕಡಿಮೆ, ಈ ವಿನಾಯಿತಿ ಇಲ್ಲ. ಈ 50,000 ಒಂದಕ್ಕಾಗಿಯೇ ಹಳೆಯದಕ್ಕೆ ಹೋಗುವುದು ಬಹಳ ಜನರಿಗೆ ಲಾಭವಲ್ಲವೆಂದು ನನ್ನ ಅಭಿಪ್ರಾಯ. ಗೃಹಸಾಲದ ಬಡ್ಡಿ, ಜೀವವಿಮೆ ಮುಂತಾದವನ್ನೂ ಸೇರಿಸಿ ಎರಡೂ ಲೆಕ್ಕ ಹಾಕಿ ನೋಡಬೇಕು. ಸಂಬಳದವರು ವರ್ಷವರ್ಷವೂ ಆರಿಸಿಕೊಳ್ಳಬಹುದು. ಕ್ಯೂರಿಂಗ್ ಮಾಡುವ ಕಾಫಿ ಬೆಳೆಗಾರರದು ವ್ಯಾಪಾರದ ಆದಾಯವಾದ್ದರಿಂದ ಅವರಿಗೆ ಹೀಗೆ ಅತ್ತಿಂದಿತ್ತ ಹಾರಲು ಬರುವುದಿಲ್ಲ, ಎಚ್ಚರಿಕೆ.

ಬಿಲ್ಲು, ವೈದ್ಯರ ಚೀಟಿ, ಔಷಧಿ ಅಂಗಡಿಯ ರಸೀದಿ ಎಲ್ಲವೂ ರೋಗಿಯ ಹೆಸರಿನಲ್ಲಿರಲಿ. ನಮ್ಮ ಸದಸ್ಯರಿಗೆ ಇನ್ನೊಂದು ಕಣ್ಣು ಬಾಕಿಯಿದೆ. ಈ ಸಲ ಬಿಲ್ಲು ಮಗನೇ ಕೊಡುತ್ತಾನಂತೆ.