ಲಗೂನ್ ನೀರು ಶಾಂತವಾಗಿದೆ, ಆದ್ರೆ ನಿಂತಿಲ್ಲ

ಈ ಸಲ ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಲಕ್ಷದ್ವೀಪದ ಕಡ್ಮತ್‌ಗೆ ಹೋಗಿದ್ವಿ. ಪರ್ಮಿಟ್‌ಗಾಗಿ ಕಾದಿದ್ದು, ಕೊಚ್ಚಿಯಿಂದ ಹಡಗಿನಲ್ಲಿ ವಾಂತಿ ಮಾಡ್ಕೊಂಡಿದ್ದು ಎಲ್ಲ ಇನ್ನೊಂದು ಸಲ ಹೇಳ್ತೀವಿ. ಇಲ್ಲಿ ಬರೀತಿರೋದು ಅಲ್ಲಿನ ನೀರಿನ ಬಗ್ಗೆ ಮಾತ್ರ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಒಂದು ವಿಷಯ. ಕಡ್ಮತ್, ಅಮಿನಿ, ಕಿಲ್ತಾನ್ ಮುಂತಾದ ಅಮಿನದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇದು ನಮಗೂ ಗೊತ್ತಿರ್ಲಿಲ್ಲ.

ಲಗೂನ್ ಅಂದ್ರೆ ಹವಳದ ದಿಬ್ಬದ ಒಳಗೆ ಸಿಕ್ಕಿಕೊಂಡಿರುವ ಆಳವಿಲ್ಲದ ಸಮುದ್ರ. ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿ.ಮೀ., ಲಗೂನ್‌ಗಳು ಸುಮಾರು 4,200 ಚದರ ಕಿ.ಮೀ. ಇಂಥ ದ್ವೀಪಗಳು ಹೇಗೆ ಆಗುತ್ತವೆ ಅಂತ ಡಾರ್ವಿನ್ 1842ರಲ್ಲೇ ವಿವರಿಸಿದ್ದ: ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಮುಳುಗುತ್ತೆ, ಅದರ ಅಂಚಿನ ಹವಳ ಮಾತ್ರ ಬೆಳಕಿಗಾಗಿ ಮೇಲಕ್ಕೆ ಬೆಳೀತಾ ಹೋಗುತ್ತೆ. ಕೊನೆಗೆ ಬೆಟ್ಟ ಮಾಯವಾಗಿ ಹವಳದ ಬಳೆ ಉಳಿಯುತ್ತೆ.

ದಡದಲ್ಲಿ ನಿಂತು ನೋಡಿದ್ರೆ ದೂರದಲ್ಲಿ ಒಂದು ಬಿಳಿ ಗೆರೆ ಕಾಣುತ್ತೆ. ಅಲೆಗಳು ದಿಬ್ಬಕ್ಕೆ ಬಡಿದು ಒಡೆಯೋ ಜಾಗ ಅದು. ಅಲೆಯ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಖಾಲಿ ಆಗುತ್ತೆ, ಅದಕ್ಕೇ ಒಳಗೆ ಈಜುಕೊಳದ ಥರ ಶಾಂತ. ಉಪ್ಪು ನೀರಿನ ಸಾಂದ್ರತೆ ಲೀಟರಿಗೆ ಸುಮಾರು 1.025 ಕೆ.ಜಿ., ಹಾಗಾಗಿ ತೇಲೋದೂ ಸುಲಭ. ಹಾಸ್ಟೆಲ್ ಹತ್ತಿರದ ಪೂಲ್‌ನಲ್ಲಿ ಎರಡು ಲ್ಯಾಪ್‌ಗೆ ಸುಸ್ತಾಗ್ತಿದ್ದ ನಾವು ಅಲ್ಲಿ ಒಲಿಂಪಿಕ್ಸ್‌ಗೆ ಹೋಗಬಹುದು ಅಂದ್ಕೊಂಡ್ವಿ.

ತಪ್ಪಾಗಿದ್ದು ಅಲ್ಲೇ. ಮೊದಲನೇ ತಪ್ಪು, ಆಳ. ನೀರಿನ ವಕ್ರೀಭವನ ಸೂಚ್ಯಂಕ 1.33. ಬೋಟಿನಿಂದ ನೇರ ಕೆಳಗೆ ನೋಡಿದ್ರೆ ಆಳ ಮುಕ್ಕಾಲು ಭಾಗ ಮಾತ್ರ ಕಾಣುತ್ತೆ. ಸೊಂಟದ ಮೇಲಿದೆ ಅಂತ ಇಳಿದ ನಮಗೆ ನೀರು ಗದ್ದಕ್ಕೆ ಬಂತು. ಪಿಯುಸಿಯಲ್ಲಿ ಇದೇ ಲೆಕ್ಕ ಮಾಡಿ ಪೂರ್ತಿ ಮಾರ್ಕ್ಸ್ ತಗೊಂಡಿದ್ವಿ!

ಎರಡನೇ ತಪ್ಪು ದೊಡ್ಡದು. ಅಲೆಗಳು ದಿಬ್ಬದ ಮೇಲಿಂದ ನೀರನ್ನು ಒಳಗೆ ಸುರೀತಾನೇ ಇರುತ್ತವೆ. ಆ ನೀರು ಹೊರಗೆ ಹೋಗಲೇಬೇಕು. ದಿಬ್ಬದಲ್ಲಿ ಅಲ್ಲಲ್ಲಿ ಸಂದುಗಳಿವೆ, ಬೋಟುಗಳು ಬರೋದೂ ಅಲ್ಲಿಂದಲೇ. ಇಳಿತದ ಹೊತ್ತಲ್ಲಿ ಅಷ್ಟಗಲದ ನೀರು ಆ ಇಕ್ಕಟ್ಟಿನಲ್ಲಿ ನುಗ್ಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಕಂಟಿನ್ಯುಟಿ ಇಕ್ವೇಶನ್ ನೆನಪಿದ್ಯಾ? ಅಡ್ಡಕೊಯ್ತ ಕಡಿಮೆ ಆದ್ರೆ ವೇಗ ಜಾಸ್ತಿ. ಮೇಲೆ ಒಂದು ಅಲೆಯೂ ಕಾಣಲ್ಲ, ಕೆಳಗೆ ನದಿ.

ಮೀನು ನೋಡ್ತಾ ಮುಖ ಮುಳುಗಿಸಿ ಹೋಗ್ತಿದ್ದ ನಮ್ಮ ಗೆಳೆಯ ತಲೆ ಎತ್ತಿದಾಗ ನಾವು ಬೆರಳಿನಷ್ಟು ಕಾಣ್ತಿದ್ವಂತೆ. ಹಿಂದಕ್ಕೆ ಜೋರಾಗಿ ಈಜಿದ, ಇದ್ದಲ್ಲೇ ಇದ್ದ. ಲೈಫ್ ಜಾಕೆಟ್ ಇತ್ತು ಅಂತ ಬದುಕಿದ. ಬೋಟಿನ ಇಕ್ಕಾ ಹೋಗಿ ಎತ್ತಿಕೊಂಡು ಬಂದ್ರು. ಬೈಯಲಿಲ್ಲ. ಆ ಸಂದಿನ ಕಡೆ ಬೆರಳು ತೋರಿಸಿ ಸುಮ್ಮನೆ ತಲೆ ಅಲ್ಲಾಡಿಸಿದ್ರು. ಆ ಮೌನವೇ ಜಾಸ್ತಿ ತಾಗಿತು.

ಹಾಗಾಗಿ ಹೋಗೋರಿಗೆ ನಮ್ಮ ಮಾತು: ಇಳಿಯೋಕೆ ಮುಂಚೆ ಉಬ್ಬರ ಇಳಿತದ ಸಮಯ, ಸಂದು ಎಲ್ಲಿದೆ ಎರಡನ್ನೂ ಸ್ಥಳೀಯರನ್ನ ಕೇಳಿ. ಜಾಕೆಟ್ ಬಿಚ್ಚಬೇಡಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜಬೇಡಿ. ತೇಲ್ತಾ ಕೈ ಎತ್ತಿ ಕರೀರಿ, ಶಕ್ತಿ ಇದ್ರೆ ಅಡ್ಡಕ್ಕೆ ಈಜಿ.

ಇನ್ನೊಂದು, ಸುಸ್ತಾಯ್ತು ಅಂತ ಹವಳದ ಮೇಲೆ ನಿಲ್ಲಬೇಡಿ. ಕಲ್ಲಿನ ಥರ ಕಂಡರೂ ಅದು ಜೀವಂತ ಪ್ರಾಣಿ. ಸಮುದ್ರ ಬಿಸಿಯಾದ 1998, 2010, 2016ರಲ್ಲಿ ಇಲ್ಲಿನ ಹವಳ ಬಿಳಚಿಕೊಂಡು ತುಂಬಾ ಸತ್ತಿದೆ. ದಿಬ್ಬ ಸವೆದರೆ ಆ ಬಿಳಿ ಗೆರೆ ದಡದ ಹತ್ತಿರ ಬರುತ್ತೆ. ನಾವು ವಾರ ಇದ್ದು ವಾಪಸ್ ಬಂದ್ವಿ. ಇಕ್ಕಾ ಮನೆ ಇರೋದು ಆ ದಡದಲ್ಲೇ.