ಕೂಪನ್ ಲೆಕ್ಕ



ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬಂದ ದುಡ್ಡಲ್ಲೇ ನಮ್ಮ ಕಡೆ ಎಷ್ಟೋ ಮನೆಗಳಿಗೆ ದಿನಸಿ ಬರಬೇಕು. ಈಗ ಫೋನಿನ ಆ್ಯಪ್‌ನಲ್ಲೂ ದಿನಸಿ ತರಿಸಬಹುದು, ಕೂಪನ್ ಕೊಡುತ್ತಾರೆ. ಆದರೆ ಕೂಪನ್ನಿಗೆ ಷರತ್ತು ಇರುತ್ತದೆ.

ಉದಾಹರಣೆಗೆ, 500 ರೂ. ಸಾಮಾನು ತಗೊಂಡರೆ 50 ರೂ. ಬಿಡ್ತಾರೆ ಅಂದುಕೊಳ್ಳಿ. ನಮಗೆ ಬೇಕಾದ್ದು 380 ರೂ. ಸಾಮಾನು ಮಾತ್ರ. ಕೂಪನ್ ಆಸೆಗೆ 120 ರೂ. ಬಿಸ್ಕತ್ತು ಸೇರಿಸಿದರೆ 450 ರೂ. ಕಟ್ಟಬೇಕು. 50 ಉಳಿಯಲಿಲ್ಲ, 70 ಹೆಚ್ಚಾಗಿ ಹೋಯ್ತು!

ಆದ್ದರಿಂದ ಮೊದಲು ಪಟ್ಟಿ ಬರೆಯಿರಿ, ಆಮೇಲೆ ಕೂಪನ್ ನೋಡಿ. ಕೆ.ಜಿ.ಗೆ ಎಷ್ಟು ಬಿತ್ತು ಅಂತ ಊರಿನ ಅಂಗಡಿ ಬೆಲೆ ಜೊತೆ ಹೋಲಿಸಿ. ಎಂ.ಆರ್.ಪಿ.ಯಲ್ಲಿ ತೆರಿಗೆಯೂ ಸೇರಿರುತ್ತದೆ. ಪೊಟ್ಟಣಕ್ಕೆ ಅದಕ್ಕಿಂತ ಹೆಚ್ಚು ತಗೊಂಡರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು.