ಮುಂಗಡದ ಪುಸ್ತಕವನ್ನು ತೆರೆಯುವವರಾರು?

ಮೂರು ದಶಕಗಳ ಹಿಂದೆ, ಉಪವಿಭಾಗಾಧಿಕಾರಿಯಾಗಿದ್ದಾಗ, ಒಂದು ಇಟ್ಟಿಗೆ ಗೂಡಿನ ತಪಾಸಣೆಗೆ ಹೋಗಿದ್ದೆ. ಅಲ್ಲಿ ಬೇಲಿಯಾಗಲಿ ಕಾವಲುಗಾರರಾಗಲಿ ಕಾಣಲಿಲ್ಲ. ಮಾಲೀಕನ ಬಳಿ ಒಂದು ನೋಟುಪುಸ್ತಕವಿತ್ತು. ಕುಟುಂಬಕ್ಕೊಂದು ಪುಟ, ಮೇಲೆ ಮುಂಗಡದ ಮೊತ್ತ, ಕೆಳಗೆ ಹೆಬ್ಬೆಟ್ಟಿನ ಗುರುತು. ವಾರದ ಬಟವಾಡೆಯಲ್ಲಿ ಅಕ್ಕಿ, ಔಷಧಿಗಳ ಖರ್ಚನ್ನು ಮುರಿದುಕೊಂಡ ಮೇಲೆ ಸಾಲ ಕರಗುವ ಬದಲು ಬೆಳೆದಿತ್ತು. ‘ಬೇಕೆಂದಾಗ ಊರಿಗೆ ಹೋಗಬಹುದೇನಮ್ಮ?’ ಎಂದು ಒಬ್ಬಾಕೆಯನ್ನು ಕೇಳಿದೆ. ‘ಲೆಕ್ಕ ತೀರಬೇಕಲ್ಲ ಸ್ವಾಮಿ’ ಎಂದಳು.

ಆ ಕುಟುಂಬಗಳಿಗೆ ಬಿಡುಗಡೆ ಪತ್ರ ದೊರೆಯಿತು, ಮಾಲೀಕನ ಮೇಲೆ ಮೊಕದ್ದಮೆ ದಾಖಲಾಯಿತು. ಆದರೆ ಆ ಇಟ್ಟಿಗೆಗಳನ್ನು ಕೊಳ್ಳುತ್ತಿದ್ದ ನಗರದ ಕಟ್ಟಡ ಕಂಪೆನಿಯನ್ನು ನಾನು ಏನನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ನನ್ನ ಆ ಲೋಪ ಇಂದಿಗೂ ಕಾಡುತ್ತದೆ.

ಜೀತ ಪದ್ಧತಿಯನ್ನು ರದ್ದುಪಡಿಸಿದ 1976ರ ಕಾಯ್ದೆ ಜೀತಗಾರನ ಸಾಲವನ್ನೇ ಅನೂರ್ಜಿತಗೊಳಿಸಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹಸಿವಿನ ಒತ್ತಡಕ್ಕೆ ಮಣಿದು ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದಿತು. ಗುತ್ತಿಗೆದಾರರ ಕಡೆ ಬೆರಳು ತೋರಿಸಿ ಕೆಲಸ ಮಾಡಿಸುವ ಸಂಸ್ಥೆ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದೂ ಹೇಳಿತು. ಅಲ್ಲಿ ಕೆಲಸ ಮಾಡಿಸುತ್ತಿದ್ದುದು ಸರ್ಕಾರಿ ಸಂಸ್ಥೆಗಳು. ಖಾಸಗಿ ಕಂಪೆನಿಗಳಿಗೂ ಒಪ್ಪುವ ನೀತಿ ಇದು.

ಇದು ಮುಗಿದ ಕಥೆಯಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಬ್ರಿಟನ್ನಿನ 2015ರ ಕಾನೂನು 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚಿನ ವಹಿವಾಟಿನ ಕಂಪೆನಿಗಳಿಂದ ಪ್ರತಿವರ್ಷ ಈ ಬಗ್ಗೆ ಹೇಳಿಕೆ ಬಯಸುತ್ತದೆ. ಆದರೆ ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದರೂ ಕಾನೂನನ್ನು ಪಾಲಿಸಿದಂತೆಯೇ! ನಮ್ಮಲ್ಲಿ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪೆನಿಗಳಿಗೆ ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿದೆ. ಬಲವಂತದ ದುಡಿಮೆಯ ಪ್ರಶ್ನೆಯೂ ಅದರಲ್ಲಿದೆ. ಸ್ವಾಗತಾರ್ಹ ಹೆಜ್ಜೆ. ಆದರೂ ಸರಬರಾಜುದಾರನಿಂದ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ ಕಡತಕ್ಕೆ ಸೇರಿಸಿದರೆ ಗೂಡಿನ ನೋಟುಪುಸ್ತಕ ಮುಚ್ಚಿಯೇ ಇರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗನ್ನಿಸುವುದಿಷ್ಟು: ಜೀತಕ್ಕೆ ಮಾಲೀಕನ ಕ್ರೌರ್ಯವೊಂದೇ ಕಾರಣವಲ್ಲ, ಖರೀದಿಯ ಷರತ್ತುಗಳೂ ಕಾರಣ. ದರವನ್ನು ಹಿಂಡಿ, ಹಣವನ್ನು ತಿಂಗಳುಗಟ್ಟಲೆ ತಡೆಹಿಡಿದರೆ ಆ ಭಾರ ಸರಬರಾಜುದಾರನಿಂದ ಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ, ಕೊನೆಗೆ ಹೆಬ್ಬೆಟ್ಟು ಒತ್ತಿದವಳಿಗೆ ವರ್ಗವಾಗುತ್ತದೆ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂಬ 2006ರ ಕಾನೂನನ್ನು ದೊಡ್ಡ ಕಂಪೆನಿಗಳು ಪಾಲಿಸಿದರೆ ಅದೇ ಜೀತ ನಿವಾರಣೆಯ ಮೊದಲ ಹೆಜ್ಜೆಯಾದೀತು.

ಉಳಿದವು ಕಷ್ಟದ ಕೆಲಸಗಳಲ್ಲ. ಕನಿಷ್ಠ ವೇತನವನ್ನು ಒಳಗೊಂಡ ದರವನ್ನೇ ಒಪ್ಪಬೇಕು. ಕೆಲಸ ಕೊಡಿಸಿದ್ದಕ್ಕೆಂದು ಕಾರ್ಮಿಕನಿಂದ ಯಾರೂ ಹಣ ಪಡೆಯಕೂಡದೆಂಬ ಷರತ್ತು ಕರಾರಿನಲ್ಲಿರಬೇಕು. ಕೂಲಿ ಮೇಸ್ತ್ರಿಯ ಕೈಗೆ ಹೋಗದೆ, ಹೆಂಗಸರಿಗೂ ಅವರವರ ಖಾತೆಗೇ ಸೇರಬೇಕು. ತಪಾಸಣೆಗೆ ಹೋದವರು ಹಾಜರಿ ಪುಸ್ತಕದ ಜೊತೆಗೆ ಮುಂಗಡದ ಲೆಕ್ಕವನ್ನೂ ನೋಡಬೇಕು. ಮೇಸ್ತ್ರಿಯ ಕಿವಿಗೆ ಬೀಳದಂತೆ, ಕಾರ್ಮಿಕರ ಭಾಷೆಯಲ್ಲೇ ಅವರೊಡನೆ ಮಾತನಾಡಬೇಕು.

ಜೀತ ಕಂಡುಬಂದಾಗ ಅನೇಕ ಕಂಪೆನಿಗಳಿಗೆ ಮೊದಲು ತೋಚುವುದು ಕರಾರನ್ನು ರದ್ದುಮಾಡಿ ಕೈತೊಳೆದುಕೊಳ್ಳುವುದು. ಆಗ ಗೂಡು ಮುಚ್ಚುತ್ತದೆ, ಕಾರ್ಮಿಕರು ಅದೇ ಸಾಲದೊಡನೆ ಮತ್ತೊಂದು ಗೂಡಿಗೆ ಸಾಗುತ್ತಾರೆ. ಮೊದಲು ಜಿಲ್ಲಾಡಳಿತಕ್ಕೆ ತಿಳಿಸಿ, ಬಿಡುಗಡೆ ಪತ್ರ, ಬಾಕಿ ಕೂಲಿ, ಪುನರ್ವಸತಿ ದೊರೆಯುವವರೆಗೆ ಜೊತೆಗೆ ನಿಲ್ಲುವುದು ಕಂಪೆನಿಯ ಹೊಣೆ.

ಈ ಪುಟದ ಓದುಗರಲ್ಲಿ ಷೇರುದಾರರಿದ್ದಾರೆ, ಖರೀದಿ ವಿಭಾಗದಲ್ಲಿ ಸಹಿ ಹಾಕುವವರಿದ್ದಾರೆ, ಹೊಸ ಮನೆ ಕೊಳ್ಳುವವರಿದ್ದಾರೆ. ‘ಇದನ್ನು ಮಾಡಿದವರು ಬೇಕೆಂದಾಗ ಕೆಲಸ ಬಿಟ್ಟು ಹೋಗಬಹುದೇ?’ ಎಂದು ಅವರು ಕೇಳಲಿ. ಅಂದು ನಾನು ಆ ಕಂಪೆನಿಯನ್ನು ಕೇಳದೆ ಬಿಟ್ಟ ಪ್ರಶ್ನೆ ಅದು.